ಗ್ರಬ್ ಹಟ ಹಿಡಿದಾಗ

ಲಿನಕ್ಸ್ ಅಪ್‌ಗ್ರೇಡ್ ಮಾಡುವಾಗ ಏನೇ ಕೆಟ್ಟರೂ ನಾನು ಅಷ್ಟಾಗಿ ತಲೆ ಕೆಡಿಸಿಕೊಳ್ಳಲ್ಲ. ಸೌಂಡ್ ಬರದಿದ್ದರೆ ನಾಳೆ ನೋಡಿಕೊಳ್ಳಬಹುದು. ಆದರೆ ಬೂಟ್‌ಲೋಡರ್ ಕೈಕೊಟ್ಟರೆ? ಯಂತ್ರ ಏಳೋದೇ ಇಲ್ಲವಲ್ಲ!

2024ರ ಮಳೆಗಾಲ. ಸಾಗರದ ಹತ್ತಿರ ಇರೋ ಸೋದರಮಾವನ ಮನೆಯ ಹಳೇ ಕಂಪ್ಯೂಟರನ್ನು ಮಾವನ ಮಗ ಡೆಬಿಯನ್ 11ರಿಂದ 12ಕ್ಕೆ ಏರಿಸ್ತಾ ಇದ್ದ. ನಡುನಡುವೆ ಪ್ರಶ್ನೆ ಕೇಳದೆ ತಾನೇ ಮುಂದುವರಿಯೋ ಹಾಗೆ ಬಿಟ್ಟಿದ್ದ. ಎಲ್ಲ ಸರಾಗ ಸಾಗಿ, ಗ್ರಬ್-ಪಿಸಿ ಪ್ಯಾಕೇಜಿನ ಹತ್ತಿರ ಬಂದು ನಿಂತಿತು. ಬೆಂಗಳೂರಿಗೆ ಫೋನು.

"ಅಣ್ಣಾ, ಎರರ್ ಕೋಡ್ ಒಂದು ಅಂತಿದೆ. ಒಂದ್ಸಲ ರೀಸ್ಟಾರ್ಟ್ ಮಾಡ್ಲಾ?"

"ಬೇಡ ಮಾರಾಯ, ಮುಟ್ಬೇಡ!"

ಮಾರನೇ ದಿನ ಅಡಿಕೆ ಮಂಡಿಗೆ ಒಯ್ಯಬೇಕಾದ ಲೆಕ್ಕವೆಲ್ಲ ಅದರಲ್ಲೇ ಇತ್ತು. ಹೊರಗೆ ಮಳೆ, ಕರೆಂಟಿನ ಕಣ್ಣಾಮುಚ್ಚಾಲೆ. ಯುಪಿಎಸ್ ಎಷ್ಟು ಹೊತ್ತು ತಡೆದೀತೋ...

'ಎರರ್ ಕೋಡ್ ಒಂದು' ಅನ್ನೋದರಿಂದ ನಯಾಪೈಸೆ ಪ್ರಯೋಜನ ಇಲ್ಲ. ಅದರ ಮೇಲಿನ ಸಾಲುಗಳನ್ನು ಓದಿಸಿದೆ. ಮುಂದುವರಿಯೋ ಮೊದಲು ಗ್ರಬ್ ಯಾವ ಡಿಸ್ಕಿನಲ್ಲಿ ಕೂರಬೇಕು ಅಂತ ಸರಿಪಡಿಸಿ ಅಂತಿತ್ತು. ಆಗ ಹೊಳೀತು. ಎರಡು ವರ್ಷದ ಹಿಂದೆ ಅಂಗಡಿಯಲ್ಲಿ ಹಳೇ ಹಾರ್ಡ್‌ಡಿಸ್ಕನ್ನು ಎಸ್‌ಎಸ್‌ಡಿಗೆ ಪೂರ್ತಿ ನಕಲು ಮಾಡಿಸಿದ್ದರು. ನಕಲಿನ ಜೊತೆ ಗ್ರಬ್ ಕೂಡ ಬಂದಿದ್ದರಿಂದ ಯಂತ್ರ ಏನೂ ಆಗದ ಹಾಗೆ ಏಳ್ತಿತ್ತು. ಆದರೆ ಡೆಬಿಯನ್ ಡಿಸ್ಕನ್ನು ನೆನಪಿಟ್ಟುಕೊಳ್ಳೋದು ಅದರ ಮಾಡೆಲ್ಲು, ಸೀರಿಯಲ್ ನಂಬರಿನಿಂದ. ಆ ನಂಬರಿನ ಡಿಸ್ಕು ಗುಜರಿ ಸೇರಿ ಯಾವ ಕಾಲವಾಯ್ತೋ! ಡಿಸ್ಕು ಬದಲಾದ ಮೇಲೆ ಗ್ರಬ್ ಪ್ಯಾಕೇಜನ್ನು ಮುಟ್ಟಿದ್ದು ಇದೇ ಮೊದಲು.

ಸಿಕ್ಕಿದ ಡಿಸ್ಕಿಗೆ ಬರೆದು ಮುಗಿಸಬಾರದಿತ್ತಾ ಅಂತ ನಿಮಗನ್ನಿಸಬಹುದು. ಖಂಡಿತ ಬಾರದು. ಬಯಾಸ್ ಯಂತ್ರಗಳಲ್ಲಿ ಗ್ರಬ್ ಎರಡು ಕಡೆ ಇರುತ್ತೆ. ಒಂದು ಪುಟ್ಟ ತಿರುಳು ಡಿಸ್ಕಿನ ತೀರಾ ಆರಂಭದಲ್ಲಿ, ಮೊದಲ ಪಾರ್ಟಿಷನ್ನಿಗಿಂತ ಮುಂಚೆ. ಉಳಿದ ಮಾಡ್ಯೂಲುಗಳು ಬೂಟ್ ಫೋಲ್ಡರಿನಲ್ಲಿ. ಮಾಡ್ಯೂಲು ಹೊಸದಾಗಿ, ತಿರುಳು ಮಾತ್ರ ಬೇರೆ ಡಿಸ್ಕಿಗೆ ಹೋಗಿಬಿಟ್ಟರೆ ಒಂದಕ್ಕೊಂದು ಹೊಂದಲ್ಲ. 2020ರ ಜುಲೈನಲ್ಲಿ ಬೂಟ್‌ಹೋಲ್ ಅನ್ನೋ ಭದ್ರತಾ ಲೋಪಕ್ಕೆ ತೇಪೆ ಬಂದಾಗ ಇದೇ ಆಗಿತ್ತು. ಕೆಲವು ಯಂತ್ರಗಳು 'ಗ್ರಬ್ ಕ್ಯಾಲಾಕ್' ಸಿಗ್ತಿಲ್ಲ ಅಂತ ಕಪ್ಪು ಪರದೆ ತೋರಿಸಿ ನಿಂತಿದ್ದವು. ಅದಕ್ಕಿಂತ ಈ ಹಟಮಾರಿ ಪ್ಯಾಕೇಜೇ ವಾಸಿ. ಗ್ರಬ್ ಇನ್ನೂ ಏನನ್ನೂ ಬರೆದಿರಲಿಲ್ಲ, ಹಾಗಾಗಿ ಹಳೇ ಜೋಡಿ ಹಾಗೇ ಇತ್ತು. ಕರೆಂಟು ಹೋದರೂ ಬಹುಶಃ ಎದ್ದೇಳುತ್ತೆ ಅಂತ ಧೈರ್ಯ ಬಂತು. ಪರೀಕ್ಷೆ ಮಾಡೋ ಧೈರ್ಯ ಮಾತ್ರ ಬರಲಿಲ್ಲ!

ಬ್ಯಾಕಪ್ಪಿನ ಯುಎಸ್‌ಬಿ ಡಿಸ್ಕ್ ಕೀಳಿಸಿದೆ, ಪಟ್ಟಿಯಲ್ಲಿ ಅದೂ ಬಂದು ಗೊಂದಲ ಬೇಡ ಅಂತ. ಆಮೇಲೆ ರೂಟ್ ಆಗಿ 'ಡಿಪಿಕೆಜಿ-ರೀಕಾನ್ಫಿಗರ್' ಬೇಡ, ಅದು ಪೂರ್ತಿ ಕೂತ ಪ್ಯಾಕೇಜಿಗೆ. ಪರದೆಯೇ ಹೇಳಿದ ಹಾಗೆ ಫ್ರಂಟೆಂಡನ್ನು ಡೈಲಾಗ್ ಮಾಡಿ 'ಡಿಪಿಕೆಜಿ ಕಾನ್ಫಿಗರ್ ಗ್ರಬ್-ಪಿಸಿ' ಕೊಡು ಅಂದೆ. ನೀಲಿ ಪರದೆ ಬಂತು. ಇಲ್ಲೊಂದು ಗುಂಡಿ ಇದೆ ನೋಡಿ. ಡಿಸ್ಕಿನ ಹೆಸರಿನ ಮೇಲೆ ನಿಂತು ಎಂಟರ್ ಒತ್ತಿದರೆ ಆಯ್ಕೆ ಆಗಲ್ಲ. ಸ್ಪೇಸ್ ಒತ್ತಿ ನಕ್ಷತ್ರ ಮೂಡಿಸಬೇಕು, ಅದೂ ಪಾರ್ಟಿಷನ್ ಮುಂದೆ ಅಲ್ಲ, ಇಡೀ ಡಿಸ್ಕಿನ ಮುಂದೆ.

"ನಕ್ಷತ್ರ ಬಂತಾ?"

"ಬಂತು."

'ಇನ್‌ಸ್ಟಲೇಶನ್ ಫಿನಿಶ್ಡ್, ನೋ ಎರರ್ ರಿಪೋರ್ಟೆಡ್' ಅಂತ ಓದಿದ. ಅರ್ಧಕ್ಕೆ ನಿಂತಿದ್ದ ಮಿಕ್ಕ ಪ್ಯಾಕೇಜುಗಳನ್ನೂ ಮುಗಿಸಿದ ಮೇಲೆ ರೀಸ್ಟಾರ್ಟಿಗೆ ಒಪ್ಪಿದೆ. ಫೋನಿನಲ್ಲಿ ಬರೀ ಮಳೆ ಸದ್ದು. ಗ್ರಬ್ ಮೆನು ಬಂತು, 6.1ರ ಕರ್ನಲ್ ಎದ್ದಿತು. ಹಿಂದಿನಿಂದ ಮಾವ, "ಅದೆಲ್ಲ ಇರ್ಲಿ, ಲೆಕ್ಕ ಇದ್ಯಾ ನೋಡೋ ಮೊದ್ಲು" ಅಂತಿದ್ದರು.

ಇತ್ತು.