ಒಂದು ಫಿಯೆಟ್ಟಿನ ವಂಶಾವಳಿ

ಒಡೆತನದ ಮೂಲವನ್ನು ಶೋಧಿಸುವ ವಿದ್ಯೆಯಲ್ಲಿ ನಮ್ಮ ರಾಯಚರ್ಲು ಸೀಮೆಯವರನ್ನು ಮೀರಿಸುವವರು ವಿರಳ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕರಲ್ಲಿ ಯಾವ ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ನಿಂತರೂ, ಸರ್ವೆ ನಂಬರೊಂದನ್ನು ಉಚ್ಚರಿಸಿದ ಮಾತ್ರಕ್ಕೆ ಅದು ಕ್ರಯಕ್ಕೆ ಬಂದುದೋ, ಪೌತಿ ಖಾತೆಯೋ, ಅಣ್ಣತಮ್ಮಂದಿರ ವಿಭಾಗದಲ್ಲಿ ಒಡೆದುದೋ ಎಂಬುದನ್ನು ಪಹಣಿ ನೋಡದೆಯೇ ವಿವರಿಸಬಲ್ಲ ವೃದ್ಧರೊಬ್ಬರಾದರೂ ಕಾಣಸಿಗುವರು. ಮಳೆಯನ್ನು ನಂಬಲಾಗದ ಬಯಲುನಾಡಿನಲ್ಲಿ ಜನ ಕಾಗದವನ್ನು ಅಷ್ಟು ಗಾಢವಾಗಿ ನಂಬಿದುದು ಆಶ್ಚರ್ಯವಲ್ಲ. ಆದರೆ ಗಾಲಿಯ ಮೇಲೆ ಓಡಾಡುವ ಆಸ್ತಿಯ ಪೂರ್ವೋತ್ತರವನ್ನು ಹುಡುಕಹೊರಟವನಿಗೆ ಈ ಕಾಗದಗಳು ಎಷ್ಟು ದೂರ ಜೊತೆಗೆ ಬಂದಾವೆಂಬುದು, ಒಂದು ಹಳೆಯ ಫಿಯೆಟ್ ಕಾರಿನ ಸಹವಾಸವಾಗುವವರೆಗೆ ನನಗೆ ತಿಳಿದಿರಲಿಲ್ಲ.

ಮಧುಗಿರಿಯಿಂದ ಶಿರಾಕ್ಕೆ ಹೋಗುವ ಹಾದಿಯಲ್ಲಿ, ಮೇಸ್ತ್ರಿಯೊಬ್ಬರ ವರ್ಕ್‌ಶಾಪಿನ ಹಿಂದಣ ತಗಡಿನ ಚಪ್ಪರದಲ್ಲಿ ಅದು ನಿಂತಿದೆ: ಬೊಂಬಾಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ ತಯಾರಾದ, ೧,೦೮೯ ಸಿ.ಸಿ. ಎಂಜಿನ್ನಿನ ಫಿಯೆಟ್ ಡಿಲೈಟ್. ಮುಂದೆ ಪದ್ಮಿನಿಯೆಂಬ ಹೆಸರಿನಿಂದ ದೇಶಕ್ಕೆಲ್ಲ ಪರಿಚಿತವಾದ ವಾಹನದ ಹಿರಿಯಕ್ಕ. ಮೇಲ್ನೋಟಕ್ಕೆ ಇದು ಮದುವೆಯ ದಿಬ್ಬಣಗಳಲ್ಲಿ ನಾವೆಲ್ಲ ಕಂಡ ಸಾಧು ಕಾರೇ. ಬಾಗಿಲು ತೆರೆದರೆ ಬೇರೆಯೇ ಕಥೆ. ಸ್ಟೀರಿಂಗಿನ ಪಕ್ಕದಲ್ಲಿರಬೇಕಾದ ಗೇರಿನ ಕೈ ಅಲ್ಲಿಲ್ಲ, ನೆಲಕ್ಕೆ ಇಳಿದಿದೆ. ಎಡಗಡೆಯ ಆಸನದ ಎದುರಿಗೆ, ತಗಡನ್ನು ಕೊರೆದು ಯಾವುದೋ ಮಾಪಕವನ್ನು ಬಿಗಿದಿದ್ದ ಸ್ಕ್ರೂಗಳ ತೂತುಗಳೂ, ರಾತ್ರಿ ನಕ್ಷೆ ನೋಡಲು ಇಟ್ಟ ಸಣ್ಣ ದೀಪದ ಕೊರಳೂ ಉಳಿದಿವೆ. ಅಡಿಗೆ ಬಗ್ಗಿದರೆ ಎಂಜಿನ್ನಿನ ಕೆಳಗೆ, ಕಲ್ಲಿನ ಪೆಟ್ಟುಗಳಿಂದ ಗುಳಿಬಿದ್ದ ದಪ್ಪ ಉಕ್ಕಿನ ಹಲಗೆಯೊಂದು ಬೆಸೆದಿದೆ. ಸಂಸಾರದ ಕಾರಿಗೆ ಇಂಥ ಕವಚ ಬೇಕಿಲ್ಲ. ಇದು ರ್‍ಯಾಲಿಯಲ್ಲಿ ಓಡಿದ ಕಾರು.

ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಎಪ್ಪತ್ತರ ದಶಕದಲ್ಲಿ ಆರಂಭಿಸಿದ ಕೆ-೧೦೦೦ ರ್‍ಯಾಲಿ ಈಚೆಗೆ ನಮ್ಮ ತುಮಕೂರಿನ ಕಚ್ಚಾ ಹಾದಿಗಳಲ್ಲಿಯೂ ನಡೆದಿದೆ. ಅದರ ಹಳೆಯ ದಿನಗಳಲ್ಲಿ ವಿದೇಶದ ವಿಶೇಷ ಯಂತ್ರಗಳು ಎಲ್ಲಿಂದ ಬರಬೇಕು? ಫಿಯೆಟ್, ಅಂಬಾಸೆಡರ್, ಹೆರಾಲ್ಡ್, ಮನೆಯಲ್ಲಿ ಇದ್ದುದನ್ನೇ ಮೇಸ್ತ್ರಿಯ ಕೈಗೆ ಕೊಟ್ಟು ಹದಮಾಡಿಸಿ, ನಡೆಸುವವನೊಬ್ಬ, ರೋಡ್‌ಬುಕ್ ಓದಿ ದಾರಿ ಹೇಳುವ ನ್ಯಾವಿಗೇಟರನೊಬ್ಬ, ಇಬ್ಬರೂ ಧೂಳು ಕುಡಿಯುತ್ತ, ಗೊತ್ತಾದ ನಿಮಿಷಕ್ಕೆ ಗೊತ್ತಾದ ಠಾಣ್ಯವನ್ನು ಸೇರಿ ಟೈಮ್ ಕಾರ್ಡಿಗೆ ರುಜು ಹಾಕಿಸಿಕೊಳ್ಳುವ ಆ ಶ್ರಮದಲ್ಲಿ ನನಗೆ ಒಂದು ಬಗೆಯ ವ್ರತನಿಷ್ಠೆಯೇ ಕಾಣುತ್ತದೆ.

ಕಾರಿನ ಆರ್.ಸಿ. ಪುಸ್ತಕ ಮೇಸ್ತ್ರಿಯ ಮನೆಯ ದೇವರಗೂಡಿನಲ್ಲಿತ್ತು. ಅಂಚು ಜೀರ್ಣವಾಗಿ, ಮಡಿಕೆಯಲ್ಲಿ ಹರಿದು, ಅಂಟುಕಾಗದದಿಂದ ಕೂಡಿಸಿದ ಆ ಪುಟಗಳಲ್ಲಿ ‘ಎಂ.ವೈ.’ ಅಕ್ಷರಗಳಿಂದ ತೊಡಗುವ ಸಂಖ್ಯೆಯಿದೆ. ೧೯೭೩ರ ನವೆಂಬರ್ ೧ರಂದು ರಾಜ್ಯ ಕರ್ನಾಟಕವೆಂದು ನಾಮಾಂತರಗೊಂಡ ಬಳಿಕವೂ ಮೈಸೂರಿನ ನೆನಪನ್ನು ಹೊತ್ತು ತಿರುಗಿದ ಸಂಖ್ಯೆ ಅದು. ಮೊದಲ ಒಡೆಯರು ಬೆಂಗಳೂರಿನವರು. ಎರಡನೆಯವರ ಹೆಸರಿನ ಪಕ್ಕದಲ್ಲಿ ಸಾಲ ಕೊಟ್ಟವರ ಹಕ್ಕನ್ನು ನಮೂದಿಸಿ, ತೀರಿದ ಮೇಲೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾರೆ. ಮೂರನೆಯ ನಮೂದಿನ ನೇರಳೆ ಮೊಹರು ಮಸುಕಾಗಿದೆ. ಅಲ್ಲಿಂದ ಮುಂದೆ ಪುಟಗಳೆಲ್ಲ ಖಾಲಿ. ಕಾರು ಮಾತ್ರ ಓಡುತ್ತಲೇ ಇತ್ತು!

ಇದರ ಕಾರಣ ಹಳೆಯ ವಾಹನಗಳ ವ್ಯವಹಾರ ಬಲ್ಲವರಿಗೆ ಹೊಸದಲ್ಲ. ಮಾರುವಾತ ವರ್ಗಾವಣೆಯ ಫಾರಂಗಳಿಗೆ, ಈಗಿನ ೨೯, ೩೦ಕ್ಕೆ, ಕೊಳ್ಳುವವನ ಹೆಸರು ಬರೆಯದೆಯೇ ರುಜು ಹಾಕಿ ಕೊಡುತ್ತಾನೆ. ಕೊಂಡವನು ಕಚೇರಿಗೆ ಹೋಗದೆ ಆ ಕಾಗದಗಳನ್ನೇ ಇನ್ನೊಬ್ಬನಿಗೆ ದಾಟಿಸುತ್ತಾನೆ. ಹೀಗೆ ಕೈಯಿಂದ ಕೈಗೆ ಹೋದ ವಾಹನದ ನಿಜವಾದ ಒಡೆಯರು ಸರ್ಕಾರದ ಪುಸ್ತಕಕ್ಕೆ ಬರುವುದೇ ಇಲ್ಲ. ಈ ಫಿಯೆಟ್ಟು ರ್‍ಯಾಲಿಗೆ ಇಳಿದುದು, ನಾನು ತಿಳಿದಮಟ್ಟಿಗೆ, ಆ ಖಾಲಿ ಪುಟಗಳ ಕಾಲದಲ್ಲಿಯೇ.

ಆದುದರಿಂದ ಕಾಗದವನ್ನು ಬಿಟ್ಟು ಕಬ್ಬಿಣವನ್ನು ಓದಬೇಕಾಯಿತು. ಮೇಸ್ತ್ರಿ ಎಂಜಿನ್ ಬಿಚ್ಚಿದ್ದ ದಿನ, ಪಿಸ್ಟನ್ನಿನ ನೆತ್ತಿಯ ಮಸಿಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರಸಿ ನನ್ನತ್ತ ಹಿಡಿದರು. ಅಳತೆಯ ಅಂಕೆ ಸ್ಪಷ್ಟವಾಗಿ ಎದ್ದುಬಂತು: ೪೦. ಅಂದರೆ ಸವೆದ ಸಿಲಿಂಡರನ್ನು ಮೊದಲೊಮ್ಮೆ, ಮತ್ತೊಮ್ಮೆ ಕೊರೆಸಿ, ಹುಟ್ಟಿದಾಗ ಇದ್ದುದಕ್ಕಿಂತ ನಲವತ್ತರ ಅಳತೆಯಷ್ಟು ದೊಡ್ಡ ಪಿಸ್ಟನ್ ಕೂಡಿಸಿದ್ದಾರೆ. “ಯಾರ ಹೆಸರಲ್ಲಿ ಐತೋ ನಂಗೊತ್ತಿಲ್ಲ ಸಾಮಿ, ಎರಡು ಸಲ ಬೋರ್ ಮಾಡ್ಸಿದ್ದು ಮಾತ್ರ ನಾನೇ. ನಲವತ್ತಾದ್ಮೇಲೆ ಗಾಡಿ ಕೊಡೋಕೆ ಮನಸು ಬರ್ಲಿಲ್ಲ, ನಾನೇ ಇಟ್ಕೊಂಡೆ” ಎಂದರು. ಆ ಕಾರಿನ ಬಗ್ಗೆ ನಾನು ಕಂಡ ಅತ್ಯಂತ ನಂಬತಕ್ಕ ದಾಖಲೆ ಆ ಮಾತೇ.

ವಾಹನದ ಅಸ್ಮಿತೆ ಯಾವುದರಲ್ಲಿದೆಯೆಂಬ ಪ್ರಶ್ನೆ ನಮ್ಮೂರಿನದಷ್ಟೇ ಅಲ್ಲ. ೧೯೬೪ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಗೆದ್ದ ಮಿನಿ ಕೂಪರನ್ನು ಇಂಗ್ಲೆಂಡಿನ ಗೇಡನ್ ವಸ್ತುಸಂಗ್ರಹಾಲಯದಲ್ಲಿ ಪೂಜ್ಯಭಾವದಿಂದ ಕಾಪಾಡಿದ್ದಾರೆ. ಆದರೆ ಆ ಮಿನಿಯನ್ನು ಸ್ಪರ್ಧೆಗಿಳಿಸಿದ ತಂಡದ ಕಾರ್ಖಾನೆಯಲ್ಲಿ, ಜಖಂಗೊಂಡ ಕಾರಿನ ಸಂಖ್ಯೆಯನ್ನು ಹೊಸ ಒಡಲಿಗೆ ತೊಡಿಸಿ ಮುಂದಿನ ಸ್ಪರ್ಧೆಗೆ ಕಳಿಸುವುದು ವಾಡಿಕೆಯಾಗಿತ್ತು. ನಮ್ಮಲ್ಲಿ ೨೦೨೧ರಲ್ಲಿ ಬಂದ ಕೇಂದ್ರದ ನಿಯಮ, ಮೊದಲ ನೋಂದಣಿಯಿಂದ ೫೦ ವರ್ಷ ದಾಟಿದ ವಾಹನಕ್ಕೆ ‘ವಿಎ’ ಅಕ್ಷರಗಳ ವಿಶೇಷ ಸಂಖ್ಯೆಯನ್ನು ಕೊಡುತ್ತದೆ. ಜೊತೆಗೆ ಚಾಸಿ, ಒಡಲು, ಎಂಜಿನ್ನುಗಳು ಮೂಲರೂಪದಲ್ಲಿರಬೇಕೆಂದೂ ವಿಧಿಸುತ್ತದೆ. ನಿಯಮದ ಉದ್ದೇಶ ಒಳ್ಳೆಯದೇ. ಆದರೂ ಈ ಫಿಯೆಟ್ಟಿನ ಮಟ್ಟಿಗೆ ನನ್ನ ಮನಸ್ಸು ಒಪ್ಪದು: ನೆಲಕ್ಕಿಳಿದ ಗೇರನ್ನೂ ಬೆಸೆದ ಹಲಗೆಯನ್ನೂ ತೆಗೆದು ಮೂಲರೂಪಕ್ಕೆ ತಂದರೆ ಉಳಿಯುವುದು ಯಾವುದಾದರೂ ಒಂದು ಫಿಯೆಟ್, ಈ ಫಿಯೆಟ್ ಅಲ್ಲ.

ಪಾವಗಡದ ತಿರುಮಣಿಯ ಸುತ್ತಿನ ಸುಮಾರು ೧೩,೦೦೦ ಎಕರೆಯ ಸೌರವಿದ್ಯುತ್ ಪಾರ್ಕನ್ನು ನೋಡಿದಾಗಲೆಲ್ಲ ನನಗೆ ಈ ಕಾರು ನೆನಪಾಗುತ್ತದೆ. ಅಲ್ಲಿ ರೈತರು ಭೂಮಿಯನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಪಹಣಿಯಲ್ಲಿ ಹೆಸರು ಅವರದೇ, ನೇಗಿಲು ಮಾತ್ರ ಆ ಮಣ್ಣನ್ನು ಮುಟ್ಟುವಂತಿಲ್ಲ. ಫಿಯೆಟ್ಟಿನ ವಿಷಯದಲ್ಲಿ ಇದು ತಿರುಗುಮುರುಗಾಗಿದೆ. ದುಡಿದವರೆಲ್ಲ ಪುಸ್ತಕದ ಹೊರಗಿದ್ದಾರೆ, ಹೆಸರುಳ್ಳವರು ಅದನ್ನು ಎಂದೋ ಮರೆತಿದ್ದಾರೆ.

ಮೇಸ್ತ್ರಿಯ ಮಗನಿಗೆ ಕಾರನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಆಸೆ. ಹಿಂದೆ ಇದಕ್ಕೆ ತುಮಕೂರಿಗೇ ಹೋಗಬೇಕಿತ್ತು. ಈಗ ಕೆಎ-೬೪ ಎಂಬ ಸ್ವಂತ ಸಂಖ್ಯೆಯ ಸಾರಿಗೆ ಕಚೇರಿ ಮಧುಗಿರಿಯಲ್ಲಿಯೇ ಇದೆ. ಆದರೆ ಮೂರನೆಯ ಒಡೆಯರ ವಾರಸುದಾರರ ರುಜುವಿಲ್ಲದೆ ಕೆಲಸ ಮುಂದೆ ಸಾಗದು. ಅವರ ಸುಳಿವು ದೊರೆತಿದೆ, ಪತ್ರ ಬರೆದಿದ್ದೇವೆ. ಈ ನಡುವೆ ನಾನು ಬೇರೊಂದು ಪಟ್ಟಿಯನ್ನು ಸಿದ್ಧಪಡಿಸಿದ್ದೇನೆ: ಪುಸ್ತಕದ ಮೂವರನ್ನೂ, ಖಾಲಿ ಪುಟಗಳ ಕಾಲದಲ್ಲಿ ಓಡಿಸಿದವರನ್ನೂ, ಪಕ್ಕದಲ್ಲಿ ಕುಳಿತು ದಾರಿ ಹೇಳಿದ ನ್ಯಾವಿಗೇಟರನನ್ನೂ, ಎರಡು ಸಲ ಸಿಲಿಂಡರ್ ಕೊರೆಸಿದ ಮೇಸ್ತ್ರಿಯನ್ನೂ ಒಂದೇ ಸಾಲಿನಲ್ಲಿ ಕಾಲಾನುಕ್ರಮವಾಗಿ ಬರೆದಿದ್ದೇನೆ. ಮುಂದೆ ಎಂದಾದರೂ ಕಾರು ಕೈ ಬದಲಾಯಿಸಿದರೆ, ಆರ್.ಸಿ.ಯೊಡನೆ ಆ ಪಟ್ಟಿಯನ್ನೂ ಕೊಳ್ಳುವವರಿಗೆ ಕೊಡತಕ್ಕದ್ದೆಂದು ಮೇಸ್ತ್ರಿಯ ಮಗನಿಂದ ಮಾತು ತೆಗೆದುಕೊಂಡಿದ್ದೇನೆ.