ಗಡ್ಡೆಯ ಅಳತೆ

ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಗಡ್ಡೆಯ ಗಾತ್ರವನ್ನು ಕಣ್ಣಳತೆಯಲ್ಲೇ ಹೇಳುವವರಿದ್ದಾರೆ. ಅರಕಲಗೂಡಿನ ನಮ್ಮ ಖಾಲಾ ತಮ್ಮ ಶ್ವಾಸಕೋಶದ ಗಡ್ಡೆಯನ್ನೂ ಹಾಗೆಯೇ ಅಳೆಯುತ್ತಿದ್ದರು. "ಮೊದಲು ನೆಲ್ಲಿಕಾಯಿಯಷ್ಟಿತ್ತಂತೆ, ಈಗ ನಿಂಬೆಹಣ್ಣಿನಷ್ಟಂತೆ." ನಮ್ಮ ಮನೆಮಾತಿನಲ್ಲಿ ಅದು ಗಾಂಠ್, ಅಂದರೆ ಗಂಟು. ರೋಗದ ಹೆಸರನ್ನು ಮಾತ್ರ ಯಾವ ಭಾಷೆಯಲ್ಲೂ ಯಾರೂ ಹೇಳುತ್ತಿರಲಿಲ್ಲ.

ಮೂರು ತಿಂಗಳ ಕಿಮೋ ಮುಗಿದಾಗ ನಾವು ಹೊಳೆನರಸೀಪುರದಿಂದ ಹೋಗಿ ಅವರನ್ನು ಹಾಸನಕ್ಕೆ ಕರೆತಂದು ಎರಡನೇ ಸ್ಕ್ಯಾನ್ ಮಾಡಿಸಿದೆವು. ಮೊದಲನೆಯದು ಬೇರೊಂದು ಕಡೆ ಆಗಿತ್ತು. ಆ ವರದಿಯಲ್ಲಿ 40 ಮಿಲಿಮೀಟರ್, ಈ ವರದಿಯಲ್ಲಿ 46. ಔಷಧಿ ಬದಲಿಸಬೇಕೇ, ಬೇಡವೇ? ಡಾಕ್ಟರು ಕೇಳಿದ್ದು ಒಂದೇ ಮಾತು: "ಹಳೆಯ ಸ್ಕ್ಯಾನಿನ ಸಿಡಿ ಎಲ್ಲಿ?" ನಮ್ಮ ಪ್ಲಾಸ್ಟಿಕ್ ಚೀಲದಲ್ಲಿದ್ದದ್ದು ಬರೀ ಫಿಲ್ಮ್. ಸಿಡಿ ಕೇಳಿ ಪಡೆಯಬೇಕೆಂದು ನಮಗೆ ತಿಳಿದೇ ಇರಲಿಲ್ಲ.

ಚನ್ನರಾಯಪಟ್ಟಣದ ನಮ್ಮ ತಂಗಿಯ ಮಗಳು ಬೆಂಗಳೂರಿನಲ್ಲಿ ಗಡ್ಡೆ ಅಳೆಯುವ ಸಾಫ್ಟ್‌ವೇರ್ ಬರೆಯುವವರಲ್ಲಿ ಒಬ್ಬಳು. ಸ್ಕ್ಯಾನ್ ಯಂತ್ರ ತಯಾರಿಸುವ ಜಿಇ, ಫಿಲಿಪ್ಸ್‌ನಂಥ ಕಂಪನಿಗಳು ಇಂಥ ಕೆಲಸವನ್ನು ಆ ಊರಿನಲ್ಲೂ ಮಾಡಿಸುತ್ತವೆ. ಅವಳು ಬಿಡಿಸಿ ಹೇಳಿದಳು: "ಸಿ.ಟಿ. ಸ್ಕ್ಯಾನ್ ಎಂದರೆ ಚಿತ್ರವಲ್ಲ ಮಾಮೂ, ಸಂಖ್ಯೆಗಳು. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಸಂಖ್ಯೆ ಥಟ್ಟನೆ ಬದಲಾಗುವಲ್ಲಿ ಗಡ್ಡೆಯ ಅಂಚು. ಆದರೆ ಗಡ್ಡೆ ಎದೆಗೋಡೆಗೋ ರಕ್ತನಾಳಕ್ಕೋ ಅಂಟಿಕೊಂಡಿದ್ದರೆ ಎರಡರ ಸಂಖ್ಯೆಯೂ ಹೆಚ್ಚುಕಡಿಮೆ ಒಂದೇ. ಅಲ್ಲಿ ಯಂತ್ರ ದಾರಿ ತಪ್ಪುತ್ತದೆ. ಅದಕ್ಕೇ ಡಾಕ್ಟರುಗಳು ಕೈಯಾರೆ ಅಂಚು ಬರೆದುಕೊಟ್ಟ ಚಿತ್ರಗಳಿಂದ ಅದಕ್ಕೆ ಪಾಠ ಹೇಳುತ್ತೇವೆ." ಫಿಲ್ಮ್‌ನಲ್ಲಿ ಚಿತ್ರ ಉಳಿಯುತ್ತದೆ, ಸಂಖ್ಯೆಗಳು ಹೋಗಿರುತ್ತವೆ. ಸಾಫ್ಟ್‌ವೇರ್‌ಗೆ ಅದು ಕುರುಡು ಕಾಗದ.

2000ದಲ್ಲಿ ಬಂದು 2009ರಲ್ಲಿ ಪರಿಷ್ಕಾರಗೊಂಡ 'ರೆಸಿಸ್ಟ್' ಎಂಬ ನಿಯಮವನ್ನು ಜಗತ್ತಿನ ಡಾಕ್ಟರುಗಳು ಬಳಸುತ್ತಾರೆ. ಗಡ್ಡೆಗಳ ಅತಿ ಉದ್ದದ ಅಳತೆಯನ್ನು ಕೂಡಿಸಿದಾಗ ಶೇ. 30 ಇಳಿದಿದ್ದರೆ ಔಷಧಿ ಹಿಡಿದಿದೆ, ಶೇ. 20 ಏರಿದ್ದರೆ ರೋಗ ಮುಂದುವರಿದಿದೆ. ಗುಂಡನೆಯ ಗಡ್ಡೆಯ ಅಡ್ಡಳತೆ ಶೇ. 20 ಏರಿದರೆ ಅದರ ಘನಗಾತ್ರ ಏರುವುದು ಸುಮಾರು ಶೇ. 73! ಗೆರೆ ಎಳೆಯುವ ಕೈ ಒಂದಿಷ್ಟು ಅತ್ತಿತ್ತಾದರೂ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ನಮ್ಮ ಖಾಲಾರ ಆ ಆರು ಮಿಲಿಮೀಟರ್ ಗಡ್ಡೆ ಬೆಳೆದದ್ದೋ, ಅಳೆದ ಕೈ ಬದಲಾದದ್ದೋ? ಹೇಳಬಲ್ಲವರು ಯಾರೂ ಇರಲಿಲ್ಲ. ಅದೇ ಔಷಧಿಯನ್ನು ಮುಂದುವರಿಸಿ ನಾವು ಎರಡು ತಿಂಗಳು ಉಸಿರು ಬಿಗಿಹಿಡಿದು ಕಾದೆವು.

ಮೂರನೇ ಸ್ಕ್ಯಾನನ್ನು ಎರಡನೆಯದು ಮಾಡಿಸಿದಲ್ಲೇ ಮಾಡಿಸಿ ಎರಡರ ಸಿಡಿಯನ್ನೂ ಕೇಳಿ ಪಡೆದೆವು. ಅಕ್ಕಪಕ್ಕ ಇಟ್ಟು ಅಳೆದಾಗ ಗಡ್ಡೆ ಬೆಳೆದಿರಲಿಲ್ಲ. ಅಲ್‌ಹಮ್ದುಲಿಲ್ಲಾಹ್. ಖಾಲಾ ಆ ಸಿಡಿಗಳನ್ನು ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾರೆ.

ಬೆಂಗಳೂರಿನಲ್ಲಿ ಎಷ್ಟು ಜಾಣ ಸಾಫ್ಟ್‌ವೇರ್ ತಯಾರಾದರೂ ಅರಕಲಗೂಡಿನ ರೋಗಿಯ ಕೈಚೀಲದಲ್ಲಿ ಬರೀ ಫಿಲ್ಮ್ ಇದ್ದರೆ ಅದರಿಂದ ಅವರಿಗೇನು ಪ್ರಯೋಜನ? ಸ್ಕ್ಯಾನ್ ಮಾಡಿಸುವವರು ಸಿಡಿ ಕೇಳಬೇಕು. ಕೇಳಲು ಗೊತ್ತಿಲ್ಲದವರಿಗೆ ಕೇಳದೆಯೇ ಕೊಡಬೇಕು. ಆ ದುಡ್ಡು ಅವರೇ ತೆತ್ತದ್ದು, ಆ ದೇಹವೂ ಅವರದೇ.