ಮೊದಲ ಗೇರಿನಲ್ಲಿ ಮೈಸೂರು

ಮೈಸೂರು ನೋಡಲು ಬಂದವರು ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ ಎಂದು ಪಟ್ಟಿ ಹಿಡಿದು ಸುತ್ತುತ್ತಾರೆ. ಬೆಳಗಿನ ಆರೂವರೆಗೆ ಈ ಊರಿನ ಬಡಾವಣೆಗಳಲ್ಲಿ ತೆರೆಯುವ ಪಾಠಶಾಲೆಯೊಂದು ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ. ಕುವೆಂಪುನಗರವಾಗಲಿ, ವಿಜಯನಗರವಾಗಲಿ, ಹಾಲು ತರಲು ಹೊರಟವರು, ವಾಕಿಂಗ್ ಮುಗಿಸಿ ಬರುವ ಹಿರಿಯರು, ಪೇಪರ್ ಹಾಕುವ ಹುಡುಗರ ನಡುವೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರ ಹೊತ್ತ ಪುಟ್ಟ ಕಾರೊಂದು ಆಮೆಯಂತೆ ಬರುತ್ತಿರುತ್ತದೆ. ನೋಡನೋಡುತ್ತಿದ್ದಂತೆ ಎರಡು ಸಲ ಮುಗ್ಗರಿಸಿ, ನಡುರಸ್ತೆಯಲ್ಲೇ ನಿಂತುಬಿಡುತ್ತದೆ. ಪೇಪರ್ ಹುಡುಗ ಸೈಕಲ್ ಬಳಸಿಕೊಂಡು ಮುಂದೆ ಹೋಗುತ್ತಾನೆ. ಯಾರೂ ಬೈಯುವುದಿಲ್ಲ.

ಅಂಥದೊಂದು ಕಾರಿನ ಒಳಗೆ ಇಣುಕಿದರೆ, ಚಾಲಕರ ಸೀಟಿನಲ್ಲಿ ಪಿಯುಸಿ ಮುಗಿಸಿ, ಸಿಇಟಿ ಬರೆದು, ಫಲಿತಾಂಶಕ್ಕೆ ಕಾದಿರುವ ಹದಿನೆಂಟರ ಹುಡುಗಿ. ಪಕ್ಕದಲ್ಲಿ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅವರ ಕಾಲ ಬಳಿಯೂ ಒಂದು ಕ್ಲಚ್ಚು, ಒಂದು ಬ್ರೇಕು. ಹಿಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕುಳಿತ ತಾಯಿ. ಸೀಟು ಹಿಂದೆ ಮುಂದೆ ಸರಿಸಿದ್ದಾಯಿತು, ಕನ್ನಡಿ ಮೂರನ್ನೂ ಹೊಂದಿಸಿದ್ದಾಯಿತು, ಬೆಲ್ಟು ಹಾಕಿದ್ದಾಯಿತು. ಕಾಲು ಗಂಟೆ ಕಳೆದರೂ ಕಾರು ಇದ್ದಲ್ಲೇ ಇದೆ!

‘ಓಡಿಸೋದು ಯಾವಾಗ ಸಾರ್?’

‘ಮೊದ್ಲು ನಿಲ್ಲಿಸೋದು ಕಲಿಯಮ್ಮ. ಓಡೋದು ಅದಕ್ಕೇ ಗೊತ್ತಿದೆ.’

ಅರ್ಧ ಕ್ಲಚ್ಚಿನ ರಹಸ್ಯ

ಮೊದಲ ದಿನದ ಪಾಠವೆಲ್ಲ ಇರುವುದು ಎಡಗಾಲಿನಲ್ಲಿ. ಬಲದಿಂದ ಎಡಕ್ಕೆ ಆಕ್ಸಿಲರೇಟರ್, ಬ್ರೇಕ್, ಕ್ಲಚ್. ಇಂಗ್ಲಿಷಿನ ಎ, ಬಿ, ಸಿ ಇದ್ದಂತೆ. ಸುಮ್ಮನೆ ನಿಂತ ಕಾರಿನಲ್ಲೂ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ಚಕ್ರಗಳೋ ಕದಲದೆ ನಿಂತಿವೆ. ತಿರುಗುವುದನ್ನೂ ನಿಂತದ್ದನ್ನೂ ಉಜ್ಜಿ ಉಜ್ಜಿ ಮೆಲ್ಲನೆ ಒಂದಾಗಿಸುವುದೇ ಕ್ಲಚ್ ಪ್ಲೇಟಿನ ಕೆಲಸ. ಕಾಲನ್ನು ಸಾವಕಾಶವಾಗಿ ಎತ್ತಿದರೆ ಒಂದು ಹಂತದಲ್ಲಿ ಕಾರಿನ ಮೂಗು ತುಸು ಮೇಲೆದ್ದ ಹಾಗೆ, ಮೈ ಸಣ್ಣಗೆ ನಡುಗಿದ ಹಾಗೆ ಆಗುತ್ತದೆ. ಅದೇ ಅರ್ಧ ಕ್ಲಚ್ಚು. ಅಲ್ಲಿ ಕಾಲನ್ನು ಒಂದು ಗಳಿಗೆ ತಡೆದರೆ ಗಾಡಿ ತಾನಾಗಿ ಹೊರಡುತ್ತದೆ. ದಡಕ್ಕನೆ ಬಿಟ್ಟರೆ ಇಡೀ ಕಾರಿನ ಭಾರ ಒಮ್ಮೆಲೇ ಎಂಜಿನ್ನಿನ ಮೇಲೆ ಬಿದ್ದು, ಕುಕ್ಕರಿಸಿ ಆಫ್ ಆಗುತ್ತದೆ.

ಐದು ಸಲ ಆಫ್ ಆಯಿತು. ಆರನೆಯ ಸಲ ಕಾರು ತೆವಳಿತು. ಹುಡುಗಿಯ ಮುಖ ಅರಳಿತು, ತಾಯಿ ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದರು. ವೇಗ ಗಂಟೆಗೆ 10 ಕಿಲೋಮೀಟರ್ ಇದ್ದೀತು. ಒಳಗಿದ್ದವಳಿಗೆ ಮಾತ್ರ ಅದು ವಿಮಾನದ ವೇಗ!

ಸೈಕಲ್ ಹೊಡೆದು ಅಭ್ಯಾಸ ಇರುವವರಿಗೆ ರಸ್ತೆಯ ಅಂದಾಜು ಬೇಗ ಸಿಗುತ್ತದೆ. ತೊಡಕಾಗುವುದು ಕಾರಿನ ಅಗಲ. ಸೀಟಿನಲ್ಲಿ ಕುಳಿತವರಿಗೆ ಎಡಗಡೆಯ ಚಕ್ರ ಎಲ್ಲಿದೆ ಎಂದು ಕಾಣುವುದಿಲ್ಲ. ಹಾಗಾಗಿ ಹೊಸಬರು ಎಡಕ್ಕೆ ಹೋಗಲು ಹೆದರಿ ನಡುರಸ್ತೆಗೆ ಅಂಟಿಕೊಳ್ಳುತ್ತಾರೆ. ‘ಹತ್ತಿರ ನೋಡ್ಬೇಡಮ್ಮ, ದೂರ ನೋಡು’ ಎಂದು ಮೇಷ್ಟ್ರು ಮತ್ತೆ ಮತ್ತೆ ಹೇಳುವುದು ಇದಕ್ಕೇ. ದೃಷ್ಟಿ ದೂರ ಹೋದರೆ ಕೈ ತಾನಾಗಿ ನೇರವಾಗುತ್ತದೆ.

ಪ್ಲೇಗು ಕಲಿಸಿದ ಅಗಲ

ಈ ಕಲಿಕೆಗೆ ಮೈಸೂರಿನ ರಸ್ತೆಗಳು ಒಗ್ಗಿದ್ದಕ್ಕೆ ಒಂದು ಹಳೆಯ ಕಾರಣವಿದೆ. 1890ರ ದಶಕದ ಕೊನೆಯಲ್ಲಿ ಪ್ಲೇಗು ಊರನ್ನು ಅಲ್ಲಾಡಿಸಿತು. ಕಿಷ್ಕಿಂಧೆಯಂಥ ಕೇರಿಗಳಲ್ಲಿ ಗಾಳಿ ಬೆಳಕಿಲ್ಲದೆ ಜನ ಸತ್ತದ್ದನ್ನು ಕಂಡ ಆಡಳಿತ, ಮುಂದಿನ ವರ್ಷಗಳಲ್ಲಿ ಅಗಲ ರಸ್ತೆ, ಸಾಲುಮರ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಇಟ್ಟು ಬಡಾವಣೆಗಳನ್ನು ಮಾಡಿತು. ರೋಗಕ್ಕೆ ಹೆದರಿ ಬಿಟ್ಟ ಜಾಗ ಇಂದು ಸ್ಟೀರಿಂಗ್ ಹಿಡಿದು ನಡುಗುವ ಕೈಗಳಿಗೆ ಒದಗಿ ಬಂದಿದೆ. ಆದರೆ ಅದೇ ಗಲ್ಲಿಯಿಂದ ಕ್ರಿಕೆಟ್ ಚೆಂಡಿನ ಹಿಂದೆ ಹುಡುಗನೊಬ್ಬ ಓಡಿ ಬರಬಹುದು. ಚೆಂಡು ಕಂಡರೆ ಹುಡುಗ ಬಂದ ಎಂದೇ ತಿಳಿದು ಬ್ರೇಕಿನ ಮೇಲೆ ಕಾಲಿಡಬೇಕು.

ಮೈಸೂರು ವೃತ್ತಗಳ ಊರೂ ಹೌದು. ಕೆ.ಆರ್. ವೃತ್ತ, ಚಾಮರಾಜ ವೃತ್ತಗಳಲ್ಲಿ ಅರಸರ ಪ್ರತಿಮೆಗಳು ನಿಂತಿವೆ. ಮೊದಲ ದಿನ ಅತ್ತ ಸುಳಿಯುವುದಿಲ್ಲ, ಬಡಾವಣೆಯ ಚಿಕ್ಕ ವೃತ್ತವೇ ಸಾಕು. ನಿಯಮ ಮಾತ್ರ ಎರಡಕ್ಕೂ ಒಂದೇ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವಂತೆ ವೃತ್ತವನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು, ಆಗಲೇ ಒಳಗೆ ಸುತ್ತುತ್ತಿರುವ ವಾಹನಕ್ಕೆ ದಾರಿ ಬಿಡಬೇಕು. ಕಾಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇರೆಯಿಲ್ಲ.

ಆನೆಗೂ ತಾಲೀಮು

ಅರಮನೆಯ ಸುತ್ತಮುತ್ತ ಈಗಲೂ ಟಾಂಗಾಗಳು ಓಡಾಡುತ್ತವೆ. ಕುದುರೆಯ ಹಿಂದೆ ಹಾರ್ನ್ ಬಾರಿಸಬಾರದು, ಅದು ಬೆದರೀತು. ದಸರೆಗೆ ಮುಂಚಿನ ವಾರಗಳಲ್ಲಂತೂ ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಿಗ್ಗೆ ಆನೆಗಳೇ ಎದುರಾಗುತ್ತವೆ. ಜಂಬೂಸವಾರಿಯ ದಾರಿಯಲ್ಲಿ, ಅರಮನೆಯಿಂದ ಬನ್ನಿಮಂಟಪದವರೆಗೆ ಅವಕ್ಕೂ ದಿನಾ ತಾಲೀಮು. ಚಿನ್ನದ ಅಂಬಾರಿಯ ತೂಕ 750 ಕಿಲೋ. ಅದನ್ನು ಮೊದಲ ದಿನವೇ ಯಾವ ಆನೆಯ ಬೆನ್ನಿಗೂ ಏರಿಸುವುದಿಲ್ಲ. ಮೊದಲು ಬರಿಯ ನಡಿಗೆ, ಆಮೇಲೆ ಮರಳಿನ ಮೂಟೆ, ದಿನಗಳೆದಂತೆ ಹೆಚ್ಚು ಮೂಟೆ, ಬಳಿಕ ಮರದ ಅಂಬಾರಿ. ಜೊತೆಗೆ ಫಿರಂಗಿಯ ಸದ್ದಿಗೆ ಬೆದರದಿರುವ ಅಭ್ಯಾಸ. ಬಲರಾಮ, ಅರ್ಜುನ, ಅಭಿಮನ್ಯು ಎಲ್ಲರೂ ಹೀಗೆ ತಯಾರಾದವರೇ.

ಕಾಡಿನ ಬಲವೆಲ್ಲ ಮೈಯಲ್ಲಿರುವ ಆನೆಗೇ ಇಷ್ಟು ದಿನಗಳ ಸಿದ್ಧತೆ ಬೇಕು. ಹದಿನಾರರ ಹುಡುಗನ ಕೈಗೆ ಗಾಡಿಯ ಕೀ ಕೊಟ್ಟು, ‘ಇಲ್ಲೇ ಅಂಗಡಿಗೆ ತಾನೆ, ಹೋಗಿ ಬಾ’ ಎನ್ನುವ ಮನೆಗಳು ಯೋಚಿಸಬೇಕಾದದ್ದು ಇಲ್ಲಿಯೇ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತದೆ. ಗಾಬರಿಯಾಗಿ ಕಾಲು ಬ್ರೇಕನ್ನು ಹುಡುಕುವಷ್ಟರಲ್ಲಿ ಅಷ್ಟು ದೂರ ಹೋಗಿಯೇ ಆಗಿರುತ್ತದೆ. ವೇಗ ಎರಡರಷ್ಟಾದರೆ, ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟು. ಭೌತಶಾಸ್ತ್ರದ ಪುಸ್ತಕದಲ್ಲಿ ಇದು ಒಂದು ಲೆಕ್ಕ, ರಸ್ತೆಯಲ್ಲಿ ಒಂದು ಜೀವ.

ಕಾನೂನೂ ಸಡಿಲವಾಗಿಲ್ಲ. ಕಾರಿಗೆ ಕಲಿಕಾ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆ. ಅದರ ಅವಧಿ ಆರು ತಿಂಗಳು, ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಲು 30 ದಿನ ಕಳೆದಿರಬೇಕು. ಕಲಿಯುವಾಗ ಮುಂದೆ, ಹಿಂದೆ ‘ಎಲ್’ ಹಲಗೆ, ಪಕ್ಕದಲ್ಲಿ ಲೈಸೆನ್ಸ್ ಉಳ್ಳ ಕಲಿಸುವವರು ಇರಲೇಬೇಕು. ವಯಸ್ಸಾಗದ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ, ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಹಿಂದಿನ ಸೀಟಿನವರಿಗೆ

ಡ್ರೈವಿಂಗ್ ಸ್ಕೂಲಿನ ಕಾರು ತರಬೇತಿಯಲ್ಲಿ 21 ದಿನಗಳ ಅವಧಿ, ಕನಿಷ್ಠ 10 ಗಂಟೆ ಸ್ಟೀರಿಂಗ್ ಹಿಡಿದು ಓಡಿಸಿದ ಅನುಭವ ಇರಬೇಕೆಂದು ನಿಯಮ ಹೇಳುತ್ತದೆ. ಚಾಮುಂಡಿಬೆಟ್ಟದ ಏರು, ಅಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಹ್ಯಾಂಡ್‌ಬ್ರೇಕ್ ಹಿಡಿದು ಹೊರಡುವುದು, ಕಿರಿದಾದ ತಿರುವಿನಲ್ಲಿ ಇಳಿಯುವವರು ನಿಂತು ಏರುವವರಿಗೆ ದಾರಿ ಬಿಡುವುದು, ಎಲ್ಲಕ್ಕೂ ಸಮಯವಿದೆ. ಅಲ್ಲಿಯವರೆಗೆ ಹಿಂದೆ ಕುಳಿತ ಅಪ್ಪ ಅಮ್ಮಂದಿರು ‘ಅಯ್ಯೋ, ನೋಡ್ಕೊಂಡು!’ ಎಂದು ಕೂಗದಿದ್ದರೆ ಅದೇ ದೊಡ್ಡ ಉಪಕಾರ. ಕಲಿಯುವವರ ಕಿವಿಗೆ ಒಬ್ಬರ ಮಾತು ಸಾಕು.

ಅವರು ಮಾಡಬಹುದಾದ ಇನ್ನೊಂದು ಉಪಕಾರ ಇದಕ್ಕೂ ಬಹಳ ಮೊದಲಿನದು. ಸ್ಕೂಟರಿನ ಮುಂದೆ ನಿಂತ ಐದು ವರ್ಷದ ಮಗು, ಅಪ್ಪ ಕೆಂಪು ದೀಪ ದಾಟಿದ್ದನ್ನೂ ನೋಡುತ್ತದೆ, ಅಜ್ಜಿಯೊಬ್ಬರು ರಸ್ತೆ ದಾಟಲೆಂದು ಅಮ್ಮ ಗಾಡಿ ನಿಲ್ಲಿಸಿದ್ದನ್ನೂ ನೋಡುತ್ತದೆ. ಕ್ಲಚ್ಚು, ಗೇರು ಮೇಷ್ಟ್ರು ಕಲಿಸುತ್ತಾರೆ. ನಿಲ್ಲುವ ಬುದ್ಧಿ ಮಾತ್ರ ಮನೆಯಿಂದಲೇ ಬರಬೇಕು.